ಒಂಬತ್ತು ಪೌಂಡು, ನಲವತ್ತು ವರ್ಷ

ಜೀವನಚರಿತ್ರೆ ಅಂದ ಕೂಡಲೇ ನಮ್ಮ ಕಣ್ಣೆದುರು ಬಂದು ನಿಲ್ಲುವವರು ಕವಿಗಳು, ಸಂತರು, ಸೇನಾನಿಗಳು, ಸ್ವಾತಂತ್ರ್ಯ ಹೋರಾಟಗಾರರು. ನಗರಸಭೆಯ ಕಡತ ಬಿಡಿಸಿ ಓದಿದವನ ಬಗ್ಗೆ, ಸರಕಾರದ ಸಹಾಯಧನ ಯಾರ ಕೈಯಿಂದ ಯಾರ ಕೈಗೆ, ಎಷ್ಟು ವರ್ಷ ಹೋಗಬೇಕು ಅಂತ ತಲೆ ಕೆಡಿಸಿಕೊಂಡವನ ಬಗ್ಗೆ ಸಾಹಿತ್ಯ ಸಂಘದ ಪತ್ರಿಕೆಯಲ್ಲಿ ಬರೆಯುವುದುಂಟೆ? ನಾನು ಕಾಮರ್ಸ್ ಓದುವವನು. ಕವಿತೆಯ ಮಿತ್ರರು ನಗಬಹುದು. ಆದರೂ ಬರೆಯುತ್ತೇನೆ. ಯಾಕೆಂದರೆ ಬಡವನ ತಲೆಯ ಮೇಲಿನ ಸೂರು ಕರುಣೆಯಿಂದ ಎದ್ದದ್ದಕ್ಕಿಂತ ಸರಿಯಾದ ಲೆಕ್ಕದಿಂದ ಎದ್ದದ್ದೇ ಹೆಚ್ಚು ಅಂತ ತೋರಿಸಿಕೊಟ್ಟ ಮನುಷ್ಯ ಈತ. ಹೆಸರು ಜಾನ್ ವೀಟ್ಲಿ. ಬ್ರಿಟನ್ನಿನ ಮೊಟ್ಟಮೊದಲ ಲೇಬರ್ ಸರಕಾರದಲ್ಲಿ ಒಂಬತ್ತು ತಿಂಗಳು ಮಂತ್ರಿಯಾಗಿದ್ದವನು. ಆ ಒಂಬತ್ತು ತಿಂಗಳಲ್ಲಿ ಆತ ಮಾಡಿದ ಒಂದು ಕಾನೂನಿನಿಂದ ಐದು ಲಕ್ಷಕ್ಕೂ ಹೆಚ್ಚು ಮನೆಗಳು ಎದ್ದವು.

ವೀಟ್ಲಿ ಹುಟ್ಟಿದ್ದು 1869ರಲ್ಲಿ, ಐರ್ಲೆಂಡಿನ ವಾಟರ್‌ಫರ್ಡ್ ಜಿಲ್ಲೆಯ ಬಾನ್‌ಮಹನ್ ಎಂಬ ಕರಾವಳಿ ಹಳ್ಳಿಯಲ್ಲಿ. ಅಲ್ಲಿ ಹೊಟ್ಟೆ ತುಂಬಲಿಲ್ಲ. ಹುಡುಗನಿಗೆ ಏಳೆಂಟು ವರ್ಷವಾಗುವ ಹೊತ್ತಿಗೆ ಸಂಸಾರ ಗಂಟುಮೂಟೆ ಕಟ್ಟಿಕೊಂಡು ಸ್ಕಾಟ್ಲೆಂಡಿಗೆ ಬಂತು. ಗ್ಲಾಸ್ಗೋ ಪಟ್ಟಣದ ಪೂರ್ವಕ್ಕೆ ಲ್ಯಾನರ್ಕ್‌ಶೈರ್ ಎಂಬ ಕಲ್ಲಿದ್ದಲ ಸೀಮೆ. ಅಲ್ಲಿ ತಂದೆಗೆ ಗಣಿಕೆಲಸ. ಊರು ಬಿಟ್ಟು ಊರಿಗೆ ಬಂದು, ಪರಭಾಷೆಯವರ ನಡುವೆ, ಸಿಕ್ಕಿದ ಖೋಲಿಯಲ್ಲಿ ಸಂಸಾರ ಹೂಡುವುದು ಅಂದರೇನು ಅಂತ ಮುಂಬಯಿಯ ಕನ್ನಡಿಗರಿಗೆ ನಾನು ವಿವರಿಸಬೇಕಾಗಿಲ್ಲ. ವೀಟ್ಲಿಯ ಮನೆಯವರಿಗೆ ಸಿಕ್ಕಿದ್ದು ಗಣಿಯವರ ಸಾಲುಮನೆಗಳಲ್ಲಿ ಒಂದೇ ಒಂದು ಕೋಣೆ. ಅದರಲ್ಲೇ ಅಪ್ಪ, ಅಮ್ಮ, ಸಾಲು ಮಕ್ಕಳು. ಅದು ಸಾಲದೆಂಬಂತೆ ನಾಲ್ಕು ಕಾಸು ಬರಲಿ ಅಂತ ಹೊರಗಿನ ಬಾಡಿಗೆಯವರನ್ನೂ ಒಳಗೆ ಸೇರಿಸಿಕೊಂಡಿದ್ದರು. ಮನೆಯೊಳಗೆ ನಲ್ಲಿ ಇಲ್ಲ, ಚರಂಡಿ ಇಲ್ಲ. ಮನೆ ಗಣಿ ಕಂಪನಿಯದು. ಕೆಲಸ ಹೋದರೆ ಮನೆಯೂ ಹೋಯಿತು.

ಮೀಸೆ ಮೂಡುವ ಮೊದಲೇ ಹುಡುಗನೂ ಗಣಿಗೆ ಇಳಿದ. ಹತ್ತು ವರ್ಷಕ್ಕೂ ಮಿಕ್ಕಿ ನೆಲದಡಿಯಲ್ಲಿ ದುಡಿದ. ಹಗಲು ಗಣಿ, ಸಂಜೆ ತರಗತಿ. ರಾತ್ರಿ ಶಾಲೆಯಲ್ಲಿ ಓದಿ ಮೇಲೆ ಬಂದವರ ಕಥೆಯೂ ನಮ್ಮ ಜನಕ್ಕೆ ಹೊಸದೇನಲ್ಲ. 1890ರ ದಶಕದಲ್ಲಿ ಗಣಿ ಬಿಟ್ಟ. ಸ್ವಲ್ಪ ದಿನ ಹೆಂಡದ ಅಂಗಡಿಯಲ್ಲಿ ಕೆಲಸ ಮಾಡಿದ. ತಮ್ಮನ ಜತೆ ಸೇರಿ ಗ್ಲಾಸ್ಗೋದ ಅಂಚಿನ ಶೆಟಲ್‌ಸ್ಟನ್‌ನಲ್ಲಿ ಕಿರಾಣಿ ಅಂಗಡಿ ಇಟ್ಟ, ಅದು ನಡೆಯಲಿಲ್ಲ. ಕ್ಯಾಥೊಲಿಕ್ ಪತ್ರಿಕೆಯೊಂದಕ್ಕೆ ಜಾಹೀರಾತು ತರುವ ಕೆಲಸ ಹಿಡಿದ. ಕೊನೆಗೆ 1908ರ ಸುಮಾರಿಗೆ ಸ್ವಂತ ಮುದ್ರಣಾಲಯದ ವ್ಯವಹಾರ ಶುರುಮಾಡಿದ. ಅದು ಕೈಹಿಡಿಯಿತು. ಅಂದರೆ ನೋಡಿ, ಈತ ಬರೀ ಭಾಷಣದ ಮನುಷ್ಯನಲ್ಲ. ಕೊಡುವ ಕೊಳ್ಳುವ ಲೆಕ್ಕ, ಬ್ಯಾಂಕಿನ ಬಡ್ಡಿ, ಸಾಲದ ಕಂತು, ನಷ್ಟದ ನೋವು ಎಲ್ಲ ಸ್ವಂತ ಅನುಭವದಿಂದ ಕಂಡವನು. ಮುಂದೆ ಆತ ಮಾಡಿದ ಕೆಲಸಕ್ಕೆ ಗಣಿಯ ಕತ್ತಲೆ ಎಷ್ಟು ಕಾರಣವೋ ಅಂಗಡಿಯ ಖಾತೆ ಪುಸ್ತಕವೂ ಅಷ್ಟೇ ಕಾರಣ ಅಂತ ನನಗೆ ಅನಿಸುತ್ತದೆ.

ವೀಟ್ಲಿ ಪಕ್ಕಾ ಕ್ಯಾಥೊಲಿಕ್. ಜತೆಗೆ ಸಮಾಜವಾದಿ. ಆ ಕಾಲಕ್ಕೆ ಇವೆರಡೂ ಎಣ್ಣೆ ಸೀಗೆಕಾಯಿ. 1906ರಲ್ಲಿ ಆತ ಕ್ಯಾಥೊಲಿಕ್ ಸಮಾಜವಾದಿ ಸಂಘ ಕಟ್ಟಿದಾಗ ಊರ ಪಾದ್ರಿಗಳು ಕೆರಳಿದರು. 1912ರಲ್ಲಿ ಒಂದು ಗುಂಪು ಆತನ ಮನೆಯ ಮುಂದೆಯೇ ಆತನ ಪ್ರತಿಕೃತಿ ಸುಟ್ಟಿತು. ವೀಟ್ಲಿ ಹೆಂಡತಿಯ ಜತೆ ಬಾಗಿಲಲ್ಲಿ ನಿಂತು ಶಾಂತವಾಗಿ ನೋಡಿದನಂತೆ. ಮುಂದಿನ ಭಾನುವಾರ ಎಂದಿನಂತೆ ಚರ್ಚಿಗೆ ಹೋದನಂತೆ. ಧರ್ಮವನ್ನೂ ಬಿಡಲಿಲ್ಲ, ಪಕ್ಷವನ್ನೂ ಬಿಡಲಿಲ್ಲ.

ಇನ್ನು ಆ ಗ್ಲಾಸ್ಗೋ ಪಟ್ಟಣದ ಮನೆಗಳ ಕಡೆ ಬರೋಣ. ಹಡಗು ಕಟ್ಟುವುದರಲ್ಲಿ, ಉಗಿಯಂತ್ರ ಮಾಡುವುದರಲ್ಲಿ ಗ್ಲಾಸ್ಗೋಗೆ ಸಮನಾದ ಊರುಗಳು ಲೋಕದಲ್ಲಿ ಕಡಿಮೆ ಇದ್ದವು. ಸಾಮ್ರಾಜ್ಯದ ಎರಡನೆಯ ನಗರ ಅಂತ ಹೆಮ್ಮೆ ಬೇರೆ. ಆದರೆ ಆ ಹಡಗು ಕಟ್ಟುವವರು ಮಲಗುತ್ತಿದ್ದದ್ದೆಲ್ಲಿ? 1911ರ ಜನಗಣತಿಯ ಪ್ರಕಾರ ಸ್ಕಾಟ್ಲೆಂಡಿನ ಹೆಚ್ಚು ಕಡಿಮೆ ಅರ್ಧ ಜನ ಒಂದು ಅಥವಾ ಎರಡು ಕೋಣೆಯ ಮನೆಗಳಲ್ಲಿದ್ದರು. ಇಂಗ್ಲೆಂಡಿನಲ್ಲಿ ಇಂಥವರು ನೂರಕ್ಕೆ ಏಳೆಂಟು ಮಂದಿ ಮಾತ್ರ. ಗ್ಲಾಸ್ಗೋದಲ್ಲಿ ಸ್ಥಿತಿ ಇಡೀ ಸ್ಕಾಟ್ಲೆಂಡಿಗಿಂತ ಕೆಟ್ಟದು. ಮೂರು ನಾಲ್ಕು ಮಾಳಿಗೆಯ ಕಲ್ಲಿನ ಕಟ್ಟಡಗಳು, ಮೆಟ್ಟಿಲ ಬಳಿ ಹಲವು ಸಂಸಾರಕ್ಕೆ ಸೇರಿ ಒಂದು ಪಾಯಿಖಾನೆ, ಗೋಡೆಯ ಗೂಡಿನೊಳಗೆ ಹಾಸಿಗೆ. ನಮ್ಮ ಗಿರಣಗಾಂವಿನ ಚಾಳುಗಳನ್ನು ಕಂಡವರಿಗೆ ಚಿತ್ರ ಕಣ್ಣಿಗೆ ಕಟ್ಟುತ್ತದೆ.

ಇಲ್ಲೊಂದು ವಿಚಿತ್ರ ವ್ಯವಸ್ಥೆ ಇತ್ತು. ತೀರ ಚಿಕ್ಕ ಮನೆಗಳ ಬಾಗಿಲಿಗೆ ನಗರಸಭೆಯವರು ಲೋಹದ ಒಂದು ಬಿಲ್ಲೆ ಹೊಡೆಯುತ್ತಿದ್ದರು. ಆ ಮನೆಯೊಳಗೆ ಎಷ್ಟು ಘನ ಅಡಿ ಗಾಳಿ ಹಿಡಿಯುತ್ತದೆ, ಎಷ್ಟು ಮಂದಿ ಮಲಗಬಹುದು ಅಂತ ಅದರ ಮೇಲೆ ಬರೆದಿರುತ್ತಿತ್ತು. ನಡುರಾತ್ರಿ ಆರೋಗ್ಯ ಇಲಾಖೆಯ ಇನ್‌ಸ್ಪೆಕ್ಟರು ಬಾಗಿಲು ಬಡಿದು ಒಳಗೆ ಬಂದು ತಲೆ ಎಣಿಸುವನು. ಒಂದು ತಲೆ ಹೆಚ್ಚಾಗಿದ್ದರೆ ಕೇಸು. ಸರಕಾರಕ್ಕೆ ಬಡವರ ಮನೆಯ ಗಾಳಿಯ ಅಳತೆ ಗೊತ್ತಿತ್ತು, ಕಾವಲೂ ಗೊತ್ತಿತ್ತು. ದೊಡ್ಡ ಮನೆ ಕೊಡುವ ಲೆಕ್ಕ ಮಾತ್ರ ಗೊತ್ತಿರಲಿಲ್ಲ. ಆ ಲೆಕ್ಕ ಹಾಕಿದವನು ವೀಟ್ಲಿ.

1910ರಲ್ಲಿ ಆತ ಲ್ಯಾನರ್ಕ್‌ಶೈರ್ ಜಿಲ್ಲಾ ಮಂಡಳಿಗೆ ಆರಿಸಿ ಬಂದ. 1912ರಲ್ಲಿ ಶೆಟಲ್‌ಸ್ಟನ್ ಗ್ಲಾಸ್ಗೋ ನಗರಕ್ಕೆ ಸೇರಿದಾಗ ನಗರಸಭೆಯ ಸದಸ್ಯನಾದ. ಮುಂದಿನ ವರ್ಷ ಒಂದು ಪುಟ್ಟ ಪುಸ್ತಿಕೆ ಅಚ್ಚು ಹಾಕಿಸಿದ. ವಿಷಯ: ಗ್ಲಾಸ್ಗೋ ನಾಗರಿಕರಿಗೆ ವರ್ಷಕ್ಕೆ ಎಂಟು ಪೌಂಡು ಬಾಡಿಗೆಯಲ್ಲಿ ಒಳ್ಳೆಯ ಮನೆ. ಪುಸ್ತಿಕೆಯ ತಿರುಳು ತುಂಬ ಸರಳ. ಗ್ಲಾಸ್ಗೋ ನಗರಸಭೆ 1894ರಿಂದ ಟ್ರಾಮುಗಳನ್ನು ತಾನೇ ಓಡಿಸುತ್ತಿತ್ತು. ಅದರಿಂದ ಒಳ್ಳೆಯ ಲಾಭವೂ ಬರುತ್ತಿತ್ತು. ಆ ಲಾಭದ ಹಣವನ್ನು ಬಡ್ಡಿಯಿಲ್ಲದೆ ಮನೆ ಕಟ್ಟಲು ಕೊಡಿ ಅನ್ನುವುದು ವೀಟ್ಲಿಯ ವಾದ.

ಬಡ್ಡಿ ಯಾಕೆ ಅಷ್ಟು ಮುಖ್ಯ? ನಾನೇ ಒಂದು ಉದಾಹರಣೆ ಹಾಕುತ್ತೇನೆ. ಒಂದು ಮನೆ ಕಟ್ಟಲು 200 ಪೌಂಡು ಬೇಕು, ಸಾಲದ ಬಡ್ಡಿ ನೂರಕ್ಕೆ ನಾಲ್ಕು ಅಂತ ಇಟ್ಟುಕೊಳ್ಳಿ. ವರ್ಷದ ಬಡ್ಡಿಯೇ 8 ಪೌಂಡು ಆಯಿತು. ಬಾಡಿಗೆಯವನು 8 ಪೌಂಡು ಕೊಟ್ಟರೆ ಅದೆಲ್ಲ ಬಡ್ಡಿಗೇ ಸರಿಹೋಯಿತು, ಅಸಲು ಹಾಗೇ ಕೂತಿದೆ. ನೂರು ವರ್ಷ ಕೊಟ್ಟರೂ ಸಾಲ ತೀರದು. ಅದೇ ಬಡ್ಡಿಯಿಲ್ಲದಿದ್ದರೆ ಅದೇ 8 ಪೌಂಡಿನಿಂದ 25 ವರ್ಷಕ್ಕೆ ಮನೆಯ ಸಾಲವೇ ಚುಕ್ತಾ. ಮನೆ ಇಟ್ಟಿಗೆ ಸುಣ್ಣದಿಂದ ಕಟ್ಟಿದ್ದು, ಬಾಡಿಗೆ ಮಾತ್ರ ಬಡ್ಡಿಯಿಂದ ಕಟ್ಟಿದ್ದು. ಇದು ವೀಟ್ಲಿಗೆ ಹೊಳೆದಿತ್ತು. ನಗರಸಭೆ ಒಪ್ಪಲಿಲ್ಲ. ಆದರೆ ಆ ಪುಸ್ತಿಕೆಯಿಂದ ಮನೆಯ ಪ್ರಶ್ನೆ ಗ್ಲಾಸ್ಗೋದ ರಾಜಕೀಯದ ಮಧ್ಯಕ್ಕೆ ಬಂತು.

1914ರಲ್ಲಿ ಮಹಾಯುದ್ಧ ಶುರುವಾಯಿತು. ಹಡಗುಕಟ್ಟೆಗೆ, ಮದ್ದುಗುಂಡಿನ ಕಾರ್ಖಾನೆಗೆ ಸಾವಿರಾರು ಜನ ಗ್ಲಾಸ್ಗೋಗೆ ಬಂದರು. ಮನೆ ಸಾಲದೆ ಹೋಯಿತು. ಮನೆ ಮಾಲೀಕರು ಇದೇ ಸಮಯ ಅಂತ ಬಾಡಿಗೆ ಏರಿಸಿದರು. ಶೆಟಲ್‌ಸ್ಟನ್‌ನಲ್ಲೇ ಒಂದು ಸಂಸಾರ. ಮನೆಯ ಯಜಮಾನ ಫ್ರಾನ್ಸಿನ ಯುದ್ಧರಂಗದಲ್ಲಿ. ಇಲ್ಲಿ ಅಲ್ಪ ಬಾಡಿಗೆ ಬಾಕಿಗೆ ಆತನ ಹೆಂಡತಿ ಮಕ್ಕಳನ್ನು ಬೀದಿಗೆ ಹಾಕಲು ಹೊರಟರು. ವೀಟ್ಲಿ ಮುಂದೆ ನಿಂತ, ನೆರೆಹೊರೆಯವರು ಮನೆಯ ಸುತ್ತ ನಿಂತರು, ಹೊರಹಾಕುವುದು ನಿಂತಿತು. ಆದರೆ ಆ ವರ್ಷದ ನಿಜವಾದ ವೀರರು ಹೆಂಗಸರು. ಗೋವನ್ ಬಡಾವಣೆಯ ಮೇರಿ ಬಾರ್ಬರ್ ಮುಂತಾದವರು ಬೀದಿ ಬೀದಿಯ ಗೃಹಿಣಿಯರನ್ನು ಸಂಘಟಿಸಿದರು. ಜಪ್ತಿಯವನು ಬಂದರೆ ಗಂಟೆ ಬಾರಿಸುವುದು, ಎಲ್ಲರೂ ಕೈಗೆ ಸಿಕ್ಕಿದ್ದು ಹಿಡಿದು ಓಡಿಬರುವುದು, ಹಿಟ್ಟಿನ ಪೊಟ್ಟಣ ಎಸೆದು ಆತನನ್ನು ಬಿಳಿಯ ಬೊಂಬೆ ಮಾಡಿ ಕಳಿಸುವುದು! ನವೆಂಬರ್ ಹೊತ್ತಿಗೆ ಸುಮಾರು 20,000 ಮನೆಗಳು ಏರಿಸಿದ ಬಾಡಿಗೆ ಕೊಡುವುದಿಲ್ಲ ಅಂತ ಕೂತವು. 1915ರ ನವೆಂಬರ್ 17ರಂದು 18 ಮಂದಿಯನ್ನು ಕೋರ್ಟಿಗೆ ಕರೆಸಿದಾಗ ಸಾವಿರಾರು ಜನ, ಹಡಗುಕಟ್ಟೆಯ ಕೆಲಸಗಾರರೂ ಸೇರಿ, ಕೋರ್ಟಿನ ಮುಂದೆ ನೆರೆದರು. ಕೇಸು ಬಿಟ್ಟುಬಿಟ್ಟರು. ಮುಂದಿನ ತಿಂಗಳೇ ಬಾಡಿಗೆಯನ್ನು ಯುದ್ಧಪೂರ್ವದ ಮಟ್ಟದಲ್ಲಿ ನಿಲ್ಲಿಸುವ ಕಾನೂನು ಬಂತು. ನಮ್ಮ ಮುಂಬಯಿಗೆ ಅಂಥ ಬಾಡಿಗೆ ಕಾನೂನು ಬಂದದ್ದು 1918ರಲ್ಲಿ, ಅದೇ ಯುದ್ಧದ ಬಿಸಿಯಲ್ಲಿ.

ಬಾಡಿಗೆ ನಿಲ್ಲಿಸಿದ್ದು ಸರಿ. ಹೊಸ ಮನೆ ಕಟ್ಟುವವರು ಯಾರು? ಬಾಡಿಗೆ ಏರಿಸುವ ಹಾಗಿಲ್ಲ ಅಂದ ಮೇಲೆ ಖಾಸಗಿಯವನು ಬಡವರಿಗಾಗಿ ಯಾಕೆ ಕಟ್ಟಿಯಾನು? ಹಾಗಾಗಿ ಸರಕಾರವೇ ಕೈ ಹಾಕಬೇಕಾಯಿತು. ಇಲ್ಲಿಂದ ಸಹಾಯಧನದ ಕಥೆ ಶುರು. ಸ್ವಲ್ಪ ಗಮನವಿಟ್ಟು ಓದಿ, ಏಕೆಂದರೆ ವೀಟ್ಲಿಯ ಹೆಚ್ಚುಗಾರಿಕೆ ಇರುವುದು ಇಲ್ಲೇ.

1919ರಲ್ಲಿ ಮಂತ್ರಿ ಅಡಿಸನ್ ಒಂದು ಕಾನೂನು ತಂದ. ನಗರಸಭೆಗಳು ಮನೆ ಕಟ್ಟಬೇಕು. ಬಾಡಿಗೆಯಿಂದ ಖರ್ಚು ಹುಟ್ಟದಿದ್ದರೆ, ಸ್ಥಳೀಯ ತೆರಿಗೆಯಲ್ಲಿ ಪೌಂಡಿಗೆ ಒಂದು ಪೆನ್ನಿಯಷ್ಟು ನಗರಸಭೆ ಹೊರಬೇಕು, ಉಳಿದ ನಷ್ಟ ಎಷ್ಟಾದರೂ ಸರಿ ಸರಕಾರದ್ದು. ಉದಾರ ಯೋಜನೆಯೇ. ಆದರೆ ಬಾಯಿ ತೆರೆದ ಚೀಲ. ಮನೆಯ ಬೆಲೆ ಏರಿದರೂ ನಗರಸಭೆಗೆ ಚಿಂತೆಯಿಲ್ಲ, ಕಂತ್ರಾಟುದಾರನಿಗಂತೂ ಹಬ್ಬ. ಯುದ್ಧ ಆಗಷ್ಟೇ ಮುಗಿದಿತ್ತು, ಇಟ್ಟಿಗೆ ಇಲ್ಲ, ಗಾರೆಯವರಿಲ್ಲ. ಬೆಲೆ ಮುಗಿಲಿಗೇರಿತು. 1921ರಲ್ಲಿ ಸರಕಾರ ಗಾಬರಿಯಾಗಿ ಚೀಲದ ಬಾಯಿ ಕಟ್ಟಿತು. ಐದು ಲಕ್ಷ ಮನೆಯ ಮಾತಾಡಿದ್ದರು, ಅರ್ಧವೂ ಆಗಲಿಲ್ಲ.

1923ರಲ್ಲಿ ನೆವಿಲ್ ಚೇಂಬರ್ಲೇನ್ ಇನ್ನೊಂದು ಕಾನೂನು ತಂದ. ಆತ ಲೆಕ್ಕ ಬಲ್ಲವನು. ಒಂದು ಮನೆಗೆ ವರ್ಷಕ್ಕೆ 6 ಪೌಂಡಿನಂತೆ 20 ವರ್ಷ, ಅದಕ್ಕಿಂತ ಒಂದು ಕಾಸೂ ಹೆಚ್ಚಿಲ್ಲ. ಆದರೆ ಹಣದ ಒಲವೆಲ್ಲ ಖಾಸಗಿ ಕಟ್ಟುವವರ ಕಡೆಗೆ. ಖಾಸಗಿಯವರಿಂದ ಆಗುವುದಿಲ್ಲ ಅಂತ ಮಂತ್ರಿಗೆ ಮನವರಿಕೆ ಮಾಡಿಕೊಟ್ಟರೆ ಮಾತ್ರ ನಗರಸಭೆ ಕಟ್ಟಬಹುದು. ಹೀಗೆ ಕಟ್ಟಿದ ಮನೆಗಳನ್ನು ಬಹುಮಟ್ಟಿಗೆ ಕೊಂಡವರು ಕೈಯಲ್ಲಿ ನಾಲ್ಕು ಕಾಸಿದ್ದ ಗುಮಾಸ್ತರು, ಅಂಗಡಿಯವರು. ಒಂದು ಕೋಣೆಯ ಗಣಿಗಾರ ಒಂದು ಕೋಣೆಯಲ್ಲೇ ಉಳಿದ.

ಇಷ್ಟರಲ್ಲಿ ವೀಟ್ಲಿ ಪಾರ್ಲಿಮೆಂಟಿಗೆ ಬಂದಿದ್ದ. 1922ರ ಚುನಾವಣೆಯಲ್ಲಿ ಗ್ಲಾಸ್ಗೋದ 15 ಸ್ಥಾನಗಳಲ್ಲಿ 10 ಲೇಬರ್ ಪಕ್ಷದ ಪಾಲಾದವು. ಗೆದ್ದವರನ್ನು ಲಂಡನ್ನಿಗೆ ಬೀಳ್ಕೊಡಲು ರೈಲು ನಿಲ್ದಾಣದಲ್ಲಿ ಜನಸಾಗರ. 1923ರ ಜೂನ್‌ನಲ್ಲಿ ಒಂದು ಘಟನೆ ನಡೆಯಿತು. ಸ್ಕಾಟ್ಲೆಂಡಿನ ತಾಯಂದಿರಿಗೆ, ಎಳೆ ಮಕ್ಕಳಿಗೆ ಹಾಲು ಕೊಡಲು ಸ್ಥಳೀಯ ಸಂಸ್ಥೆಗಳಿಗೆ ಸಿಗುತ್ತಿದ್ದ ಅನುದಾನವನ್ನು ಸರಕಾರ ಕತ್ತರಿಸಿತ್ತು. ಚರ್ಚೆಯಲ್ಲಿ ವೀಟ್ಲಿಯ ಮಿತ್ರ ಜೇಮ್ಸ್ ಮ್ಯಾಕ್ಸ್‌ಟನ್ ಆ ಕಡಿತ ಮಾಡಿದವರನ್ನು ಕೊಲೆಗಾರರೆಂದು ಕರೆದ. ವೀಟ್ಲಿಯೂ ಆ ಮಾತನ್ನೇ ಹೇಳಿದ. ನಾಲ್ವರು ಸದಸ್ಯರನ್ನು ಸಭೆಯಿಂದ ಅಮಾನತು ಮಾಡಿದರು. ನಮ್ಮ ಪಠ್ಯಪುಸ್ತಕದಲ್ಲಿ ಅನುದಾನ ಕಡಿತ ಅಂದರೆ ಒಂದು ಅಂಕಿ. ಆ ಅಂಕಿಯ ಹಿಂದೆ ಮಗುವಿನ ಬಟ್ಟಲು ಇರುತ್ತದೆ ಅಂತ ಈ ನಾಲ್ವರಿಗೆ ಕಾಣುತ್ತಿತ್ತು.

1924ರ ಜನವರಿಯಲ್ಲಿ ರ‍್ಯಾಮ್ಸೆ ಮ್ಯಾಕ್‌ಡೊನಾಲ್ಡ್ ಮೊದಲ ಲೇಬರ್ ಸರಕಾರ ರಚಿಸಿದ. ಲೇಬರ್ ಪಕ್ಷಕ್ಕಿದ್ದದ್ದು 191 ಸ್ಥಾನ, ಬಹುಮತ ಎಲ್ಲಿಂದ ಬರಬೇಕು? ಲಿಬರಲ್ ಪಕ್ಷದವರ ದಯೆಯಲ್ಲಿ ನಿಂತ ಸರಕಾರ. ವೀಟ್ಲಿಗೆ ಆರೋಗ್ಯ ಖಾತೆ ಸಿಕ್ಕಿತು. ಆಗ ವಸತಿಯೂ ಸ್ಥಳೀಯ ಸಂಸ್ಥೆಗಳೂ ಅದೇ ಖಾತೆಯಲ್ಲಿ ಇದ್ದವು. ಕುಳ್ಳನೆಯ, ದಪ್ಪನೆಯ, ದಪ್ಪ ಕನ್ನಡಕದ ಈ ಮನುಷ್ಯನನ್ನು ಕೆಂಪು ಕ್ರಾಂತಿಕಾರಿ ಅಂತ ಹೆದರಿದ್ದವರೇ, ಆತ ಮಸೂದೆಯನ್ನು ಕಲಂ ಕಲಮಾಗಿ ಸಮರ್ಥಿಸಿದ ರೀತಿ ನೋಡಿ ತಲೆದೂಗಿದರು.

ಮೊದಲು ಆತ ಮಾಡಿದ್ದು ಏನು ಗೊತ್ತೇ? ಮಸೂದೆ ಬರೆಯಲಿಲ್ಲ. ಕಟ್ಟಡದ ಧಣಿಗಳನ್ನೂ ಕಾರ್ಮಿಕ ಸಂಘಗಳನ್ನೂ ಒಂದೇ ಮೇಜಿಗೆ ಕರೆದ. ಗಾರೆಯವರ ಸಂಘ ಹೊಸ ಹುಡುಗರನ್ನು ಸೇರಿಸಿಕೊಳ್ಳಲು ಹಿಂಜರಿಯುತ್ತಿತ್ತು. ಕಾರಣವೂ ಇತ್ತು. ಇಂದು ಸಾವಿರ ಜನರನ್ನು ಕಲಿಸಿ, ನಾಳೆ ಸರಕಾರ 1921ರ ಹಾಗೆ ಯೋಜನೆ ನಿಲ್ಲಿಸಿದರೆ ಎಲ್ಲರೂ ಬೀದಿಪಾಲು. ವೀಟ್ಲಿ ಅವರ ಮುಂದೆ ಒಂದೆರಡು ವರ್ಷದ ಮಾತಿಡಲಿಲ್ಲ, ಹದಿನೈದು ವರ್ಷದ ಯೋಜನೆ ಇಟ್ಟ. ಗುರಿ 25 ಲಕ್ಷ ಮನೆ. ನೀವು ಕೈಗಳನ್ನು ಕೊಡಿ, ನಾನು ಕೆಲಸ ಕೊಡುತ್ತೇನೆ, ಹದಿನೈದು ವರ್ಷ ಕೊಡುತ್ತೇನೆ ಅನ್ನುವುದು ಒಪ್ಪಂದದ ಸಾರ. ಆಮೇಲೆ ಕಾನೂನು ಬಂತು. 1924ರ ಆಗಸ್ಟ್‌ನಲ್ಲಿ ಅಂಗೀಕಾರವಾದ ಆ ವಸತಿ ಕಾನೂನಿಗೆ ಜನ ಇಂದಿಗೂ ವೀಟ್ಲಿ ಕಾನೂನು ಅಂತಲೇ ಹೇಳುತ್ತಾರೆ.

ಕಾನೂನಿನ ಹೂರಣ ಇಷ್ಟು. ನಗರಸಭೆ ಬಾಡಿಗೆಗೆ ಕೊಡಲು ಮನೆ ಕಟ್ಟಿದರೆ ಸರಕಾರ ಪ್ರತಿ ಮನೆಗೆ ವರ್ಷಕ್ಕೆ 9 ಪೌಂಡು ಕೊಡುತ್ತದೆ. ಕೃಷಿ ಪ್ರದೇಶದ ಹಳ್ಳಿಗಳಲ್ಲಿ 12 ಪೌಂಡು 10 ಶಿಲಿಂಗು. ಅವಧಿ 40 ವರ್ಷ. ನಗರಸಭೆಯೂ ತನ್ನ ತೆರಿಗೆಯಿಂದ ವರ್ಷಕ್ಕೆ 4 ಪೌಂಡು 10 ಶಿಲಿಂಗಿನವರೆಗೆ ಸೇರಿಸಬೇಕು. ಬಾಡಿಗೆ ಯುದ್ಧಪೂರ್ವದ ಕಾರ್ಮಿಕರ ಮನೆಗಳ ಬಾಡಿಗೆಯ ಆಸುಪಾಸಿನಲ್ಲೇ ಇರಬೇಕು. ನಗರಸಭೆಯ ಪಾಲು ಆ ಮಿತಿ ದಾಟುವ ಸ್ಥಿತಿ ಬಂದರೆ ಮಾತ್ರ ಏರಿಸಬಹುದು. ಖಾಸಗಿಯವನಿಂದ ಆಗುವುದಿಲ್ಲ ಅಂತ ನಗರಸಭೆ ಯಾರ ಮುಂದೆಯೂ ರುಜುವಾತು ಕೊಡಬೇಕಾಗಿಲ್ಲ.

ಈಗ ಲೆಕ್ಕ. ಒಂದು ಮನೆಗೆ 500 ಪೌಂಡು, ಬಡ್ಡಿ ನೂರಕ್ಕೆ ಐದು, ಸಾಲ ತೀರಿಸಲು 40 ವರ್ಷ ಅಂತ ನಮ್ಮ ಅನುಕೂಲಕ್ಕೆ ಹಿಡಿಯೋಣ. ಅಸಲು ಬಡ್ಡಿ ಸೇರಿ ವರ್ಷದ ಸಮಕಂತು 29 ಪೌಂಡು ಚಿಲ್ಲರೆ ಬರುತ್ತದೆ. ದುರಸ್ತಿ, ತೆರಿಗೆ ಬೇರೆ, ಅದನ್ನು ಬಿಡಿ. ಪೌಂಡಿಗೆ 20 ಶಿಲಿಂಗು, ವರ್ಷಕ್ಕೆ 52 ವಾರ. ಯಾವ ಸಹಾಯವೂ ಇಲ್ಲದಿದ್ದರೆ ವಾರಕ್ಕೆ 11 ಶಿಲಿಂಗಿಗೂ ಹೆಚ್ಚು ಬಾಡಿಗೆ ಹಾಕಬೇಕು. ಚೇಂಬರ್ಲೇನನ 6 ಪೌಂಡು ಕಳೆದರೆ ವಾರಕ್ಕೆ ಸುಮಾರು 9 ಶಿಲಿಂಗು, ಅದೂ ಮೊದಲ ಇಪ್ಪತ್ತು ವರ್ಷ ಮಾತ್ರ. ವೀಟ್ಲಿಯ 9 ಪೌಂಡು, ನಗರಸಭೆಯ ನಾಲ್ಕೂವರೆ ಪೌಂಡು ಎರಡನ್ನೂ ಕಳೆದರೆ ವಾರಕ್ಕೆ 6 ಶಿಲಿಂಗು, ನಲವತ್ತು ವರ್ಷವೂ! ಹನ್ನೊಂದು ಕೊಡಲಾಗದವನು ಆರು ಕೊಟ್ಟಾನು. ಇಷ್ಟೇ ವ್ಯತ್ಯಾಸ. ಒಂದು ಸಂಸಾರ ಒಂದು ಕೋಣೆಯಿಂದ ಹೊರಗೆ ಬರುವುದೋ ಇಲ್ಲವೋ ಅನ್ನುವುದು ಈ ಐದು ಶಿಲಿಂಗಿನಲ್ಲಿತ್ತು.

ಇನ್ನೊಂದು ಸೂಕ್ಷ್ಮ ನೋಡಿ. ಅಡಿಸನ್ ಕೊಟ್ಟದ್ದು ಮಿತಿಯಿಲ್ಲದ ಹಣ, ಅದಕ್ಕೇ ಅದು ಬೇಗ ನಿಂತಿತು. ಚೇಂಬರ್ಲೇನ್ ಕೊಟ್ಟದ್ದು ಮಿತಿಯಿರುವ ಹಣ, ಆದರೆ ಸಾಲದಷ್ಟು, ಬೇಕಾದವರಿಗೆ ತಲುಪದ ದಾರಿಯಲ್ಲಿ. ವೀಟ್ಲಿ ಇಬ್ಬರಿಂದಲೂ ಕಲಿತ. ಮೊತ್ತ ಖಚಿತ, ಅವಧಿ ದೀರ್ಘ, ಹಣ ಹೋಗುವುದು ಚುನಾಯಿತ ಸ್ಥಳೀಯ ಸಂಸ್ಥೆಗೆ, ಮನೆ ಬಾಡಿಗೆಗೆ. ಮೊತ್ತ ಖಚಿತವಾದ್ದರಿಂದ ನಗರಸಭೆ ಮಿತವ್ಯಯ ಮಾಡಲೇಬೇಕು, ಉಳಿಸಿದ್ದೆಲ್ಲ ಬಾಡಿಗೆ ಇಳಿಸಲು ಬರುತ್ತದೆ. ತನ್ನ ಎಂಟು ಪೌಂಡಿನ ಮನೆಯಲ್ಲಿ ಬಡ್ಡಿಯನ್ನೇ ತೆಗೆಯಲು ಹೊರಟವನು, ಮಂತ್ರಿಯಾದಾಗ ಬಡ್ಡಿಯನ್ನು ತೆಗೆಯಲಾರದೆ ಅದರ ಭಾರವನ್ನು ಬಡವನ ಹೆಗಲಿಂದ ಇಳಿಸಿ ದೇಶದ ಹೆಗಲಿಗೆ ಹಾಕಿದ. ಸಮಾಜವಾದ ಆಗಲಿಲ್ಲ ಅಂತ ಆತನೇ ಬಲ್ಲ. ಬಂಡವಾಳದ ಅಂಗಡಿಯಲ್ಲಿ ಸಿಗುವ ಸಾಮಾನಿನಿಂದಲೇ ಮಾಡಿದ ಅಡುಗೆ ಅದು.

ಆತನಲ್ಲಿ ಎಲ್ಲವೂ ಹೊಗಳುವಂಥದ್ದೇ ಅಂತ ನಾನು ಹೇಳಲಾರೆ. ಹೆಚ್ಚು ಮಕ್ಕಳ ಹೊರೆಯಲ್ಲಿ ಬಳಲಿದ ಬಡ ಹೆಂಗಸರಿಗೆ ಸರಕಾರಿ ತಾಯಿ-ಮಗುವಿನ ಕೇಂದ್ರಗಳಲ್ಲಿ ಸಂತಾನ ನಿಯಂತ್ರಣದ ಸಲಹೆ ಕೊಡಲು ಅನುಮತಿ ಬೇಕೆಂದು ಒಂದು ನಿಯೋಗ ಬಂದಾಗ ಮಂತ್ರಿ ವೀಟ್ಲಿ ಇಲ್ಲವೆಂದ. ಒಂದು ಕೋಣೆಯ ಸಂಕಟವನ್ನು ಅಷ್ಟು ಚೆನ್ನಾಗಿ ಬಲ್ಲವನಿಗೆ ಆ ಕೋಣೆಯಲ್ಲಿ ಬಾಣಂತನ ಮಾಡಿದವಳ ಸಂಕಟ ಪೂರ್ತಿ ಕೇಳಿಸಲಿಲ್ಲ. ಆತನ ಧರ್ಮಶ್ರದ್ಧೆ ಅಲ್ಲಿ ಅಡ್ಡ ನಿಂತಿತು. ಇನ್ನೊಂದು ಕೊರತೆ ಕಾನೂನಿನದೇ. ವೀಟ್ಲಿ ಮನೆಗಳ ಬಾಡಿಗೆ ಕುಶಲ ಕೆಲಸಗಾರನಿಗೆ, ದಿನಾ ಕೆಲಸ ಇರುವವನಿಗೆ ಎಟುಕಿತು. ದಿನಗೂಲಿಯವನಿಗೆ, ಕೆಲಸವಿಲ್ಲದವನಿಗೆ ಅದೂ ಎಟುಕಲಿಲ್ಲ. ಕೊಳೆಗೇರಿಯ ಕಡುಬಡವರ ಸರದಿ ಬರಲು 1930ರ ಇನ್ನೊಂದು ಕಾನೂನಿಗೆ ಕಾಯಬೇಕಾಯಿತು. ಕಟ್ಟಡ ಸಾಮಗ್ರಿಗಳ ಬೆಲೆ ಹಿಡಿದಿಡಲು ಆತ ತಂದ ಎರಡನೆಯ ಮಸೂದೆ ಪಾಸಾಗುವ ಮೊದಲೇ ಸರಕಾರ ಬಿತ್ತು.

ಹೌದು, 1924ರ ಕೊನೆಯ ಹೊತ್ತಿಗೆ ಸರಕಾರವೇ ಬಿತ್ತು. ಹೊಸ ಸರಕಾರದಲ್ಲಿ ಆರೋಗ್ಯ ಮಂತ್ರಿಯಾಗಿ ಬಂದವನು ಅದೇ ಚೇಂಬರ್ಲೇನ್. ಇಲ್ಲೇ ನನಗೆ ಈ ಕಥೆ ರೋಚಕವೆನಿಸುವುದು. ಆತ ವೀಟ್ಲಿ ಕಾನೂನನ್ನು ಕಿತ್ತು ಹಾಕಲಿಲ್ಲ. ಹಾಕುವುದು ಸುಲಭವೂ ಆಗಿರಲಿಲ್ಲ. ಊರೂರಿನ ನಗರಸಭೆಗಳು ನಿವೇಶನ ಕೊಂಡಿದ್ದವು, ಸಾಲ ಎತ್ತಿದ್ದವು, ಗಾರೆಯವರು ಗೋಡೆ ಏರಿಸುತ್ತಿದ್ದರು. 1927ರಿಂದ ಹೊಸ ಮನೆಗಳಿಗೆ 9 ಪೌಂಡನ್ನು ಏಳೂವರೆಗೆ ಇಳಿಸಿದರು. ಆ ಹೊತ್ತಿಗೆ ಕಟ್ಟುವ ಖರ್ಚೂ ಇಳಿದಿತ್ತು. ಅಂತೂ ಕೆಲಸ ನಡೆಯಿತು. 1933ರಲ್ಲಿ ಹೊಸ ಮನೆಗಳಿಗೆ ಈ ಸಹಾಯಧನ ನಿಲ್ಲುವ ಹೊತ್ತಿಗೆ ಐದು ಲಕ್ಷಕ್ಕೂ ಮಿಕ್ಕಿ ಮನೆಗಳು ಈ ಕಾನೂನಿನ ಕೆಳಗೆ ಎದ್ದಿದ್ದವು. ಸಣ್ಣ ಕೈತೋಟ, ಒಳಗೇ ನಲ್ಲಿ, ಸ್ನಾನದ ತೊಟ್ಟಿ, ಮಲಗಲು ಬೇರೆ ಬೇರೆ ಕೋಣೆ. ಗ್ಲಾಸ್ಗೋದ ನೈಟ್ಸ್‌ವುಡ್ ಬಡಾವಣೆ ಇಂಥ ಮನೆಗಳಿಂದಲೇ ಬೆಳೆದದ್ದು. ಮಂತ್ರಿಯ ಕುರ್ಚಿ ಒಂಬತ್ತು ತಿಂಗಳಿಗೆ ಹೋಯಿತು. ಕಾನೂನಿನ ಲೆಕ್ಕದಲ್ಲಿ 1925ರಲ್ಲಿ ಕಟ್ಟಿದ ಮನೆಗೆ ಕೊಟ್ಟ ಮಾತು ಮಾತ್ರ 1965ರವರೆಗಿನದು.

ವೀಟ್ಲಿಯ ಕೊನೆಯ ದಿನಗಳು ಅಷ್ಟು ಸುಖದವಲ್ಲ. ಆತ ಪಕ್ಷದ ನಾಯಕರ ಮೆತ್ತಗಿನ ನೀತಿಯನ್ನು ಟೀಕಿಸುತ್ತ ಹೋದ. 1926ರ ಮಹಾಮುಷ್ಕರದಲ್ಲಿ ಗಣಿಗಾರರ ಪರ ಗಟ್ಟಿಯಾಗಿ ನಿಂತ. 1929ರಲ್ಲಿ ಲೇಬರ್ ಪಕ್ಷ ಮತ್ತೆ ಅಧಿಕಾರಕ್ಕೆ ಬಂದಾಗ, ಮೊದಲ ಸರಕಾರದ ಅತ್ಯಂತ ಯಶಸ್ವಿ ಮಂತ್ರಿ ಅನಿಸಿಕೊಂಡವನಿಗೆ ಮಂತ್ರಿಮಂಡಲದಲ್ಲಿ ಜಾಗವಿರಲಿಲ್ಲ. 1930ರ ಮೇ 12ರಂದು ಮೆದುಳಿನ ರಕ್ತಸ್ರಾವದಿಂದ ಶೆಟಲ್‌ಸ್ಟನ್‌ನಲ್ಲೇ ತೀರಿಕೊಂಡ. ವಯಸ್ಸು ಅರವತ್ತರ ಹತ್ತಿರ. ಗಣಿಸೀಮೆಯಿಂದ ಹೊರಟವನು ಬಹಳ ದೂರ ಹೋಗಿ, ತನ್ನ ಮತದಾರರ ನಡುವೆಯೇ ಕಣ್ಣು ಮುಚ್ಚಿದ.

ವೀಟ್ಲಿ ಮನೆಗಳ ಲೆಕ್ಕ ಹಾಕುತ್ತಿದ್ದ ವರ್ಷಗಳಲ್ಲೇ ನಮ್ಮ ಮುಂಬಯಿಯಲ್ಲೂ ಸರಕಾರ ಮನೆ ಕಟ್ಟಲು ಹೊರಟಿತ್ತು. ಗವರ್ನರ್ ಜಾರ್ಜ್ ಲಾಯ್ಡ್‌ನ ಕಾಲದಲ್ಲಿ, 1920ರಲ್ಲಿ ಬಾಂಬೆ ಡೆವಲಪ್‌ಮೆಂಟ್ ಡಿಪಾರ್ಟ್‌ಮೆಂಟ್ ಹುಟ್ಟಿತು. ಊರಿಗೆ ಬರುವ ಹತ್ತಿಯ ಮೂಟೆಗೆ ಒಂದು ರೂಪಾಯಿ ಸುಂಕ ಹಾಕಿ 50,000 ಖೋಲಿ ಕಟ್ಟುವ ಯೋಜನೆ. ಕೊನೆಗೆ ವರಳಿ, ನಾಯಗಾಂವ್, ಡಿಲೈಲ್ ರೋಡ್, ಶಿವಡಿಗಳಲ್ಲಿ ಎದ್ದದ್ದು 207 ಚಾಳು, ಸುಮಾರು 16,000 ಖೋಲಿ. ಒಂದೊಂದೂ 160 ಚದರ ಅಡಿ, ಪಾಯಿಖಾನೆ ಎಲ್ಲರಿಗೂ ಸೇರಿ. ಅಲ್ಲಿ ಒಂದು ಕೋಣೆಯಿಂದ ಹೊರಗೆ ತರಲು ಹಣ ಹುಡುಕಿದರು, ಇಲ್ಲಿ ಒಂದು ಕೋಣೆಯನ್ನೇ ಕಾಂಕ್ರೀಟಿನಲ್ಲಿ ಎರಕ ಹೊಯ್ದರು. ಒಂದೇ ಸಾಮ್ರಾಜ್ಯ, ಒಂದೇ ದಶಕ. ವ್ಯತ್ಯಾಸ ಯಾಕೆ? ನನಗೆ ತೋಚುವ ಉತ್ತರ ಇದು: ಗ್ಲಾಸ್ಗೋದ ಬಾಡಿಗೆಯವನಿಗೆ ಓಟಿತ್ತು, ನಗರಸಭೆಯಲ್ಲಿ ಅವನ ಕಡೆಯವನೊಬ್ಬ ಕೂತು ಲೆಕ್ಕ ಕೇಳುತ್ತಿದ್ದ. ಪರೇಲಿನ ಗಿರಣಿ ಕೆಲಸಗಾರನಿಗೆ ಅಂದು ಅವೆರಡೂ ಇರಲಿಲ್ಲ.

ಆ ಮಾತು ಎಂದೆಂದಿಗೂ ಉಳಿಯುತ್ತದೆ ಅಂತಲೂ ತಿಳಿಯಬೇಡಿ. 1980ರ ಕಾನೂನುಗಳಿಂದ ಬ್ರಿಟನ್ನಿನ ನಗರಸಭೆಯ ಬಾಡಿಗೆಯವರಿಗೆ ತಮ್ಮ ಮನೆಯನ್ನು ಕಡಿಮೆ ಬೆಲೆಗೆ ಕೊಳ್ಳುವ ಹಕ್ಕು ಸಿಕ್ಕಿತು. ಲಕ್ಷಾಂತರ ಮನೆಗಳು ಸಾರ್ವಜನಿಕ ಕೈಯಿಂದ ಖಾಸಗಿ ಕೈಗೆ ಹೋದವು. ಕೊಂಡವನಿಗೆ ಲಾಭವಾಯಿತು, ನಿಜ. ಆದರೆ ಸರದಿಯಲ್ಲಿ ಹಿಂದೆ ನಿಂತಿದ್ದವನಿಗೆ ಬಾಡಿಗೆ ಮನೆ ಉಳಿಯಲಿಲ್ಲ. ಸ್ಕಾಟ್ಲೆಂಡು 2016ರಲ್ಲಿ ಆ ಹಕ್ಕನ್ನೇ ನಿಲ್ಲಿಸಿತು. ಗ್ಲಾಸ್ಗೋದಲ್ಲಿ ಬಾಡಿಗೆ ಮನೆ ನೋಡಿಕೊಳ್ಳುವ ದೊಡ್ಡ ಸಂಸ್ಥೆಯೊಂದು ಇಂದು ವೀಟ್ಲಿಯ ಹೆಸರನ್ನೇ ಇಟ್ಟುಕೊಂಡಿದೆ.

ಗೆಳೆಯರೇ, ನಮ್ಮಲ್ಲಿ ಅನೇಕರು ನಾಳೆ ಬ್ಯಾಂಕಿಗೆ ಹೋಗುತ್ತೇವೆ, ಪಾಲಿಕೆಯ ಲೆಕ್ಕಪತ್ರ ವಿಭಾಗಕ್ಕೆ ಹೋಗುತ್ತೇವೆ, ಮ್ಹಾಡಾದಂಥ ವಸತಿ ಮಂಡಳಿಯಲ್ಲಿ ಅರ್ಜಿ ತಿರುವುತ್ತೇವೆ. ಅದು ಸಾಹಿತ್ಯವಲ್ಲ, ಒಣ ಗುಮಾಸ್ತಗಿರಿ ಅಂತ ನಮಗೇ ಒಂದು ಕೀಳರಿಮೆ ಇದೆ. ಸಹಾಯಧನದ ಕಡತ ನಮ್ಮ ಮೇಜಿಗೆ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಎಷ್ಟು ಹಣ? ಎಷ್ಟು ವರ್ಷ? ಕೊನೆಗೆ ಅದು ಯಾರ ಬಾಡಿಗೆಯಲ್ಲಿ ಇಳಿಯುತ್ತದೆ? ಮೂರನೆಯ ಪ್ರಶ್ನೆಗೆ ಉತ್ತರ ಸಿಗದಿದ್ದರೆ ಆ ಕಡತಕ್ಕೆ ಸಹಿ ಬೀಳಬಾರದು.